ಬಾರ್ಬರಾಳ ಸಾವನ್ನು ಹುಡುಕಿದ್ದು

ಶಾಲೆಯ ಅಡುಗೆಮನೆಯಲ್ಲಿ ಪ್ರಾಯವೆಲ್ಲ ಸವೆಸಿ ನಿವೃತ್ತಳಾದ ಟೀನಿ ಮಿಲ್ನ್ ಮೂರು ಚಳಿಗಾಲದಿಂದ ಒಂದು ಸಾವನ್ನು ಹುಡುಕುತ್ತಿದ್ದಳು. ಸತ್ತಿರಬೇಕಾದವಳು ಅವಳ ಮುತ್ತಜ್ಜಿ ಬಾರ್ಬರಾ. ಆ ಸಾವು ಬೇಕಾಗಿದ್ದುದು ಟರಿಫ್ ಪಟ್ಟಣದ ವೃದ್ಧಾಶ್ರಮದಲ್ಲಿ ಹಾಸಿಗೆ ಹಿಡಿದಿದ್ದ ಸೋದರತ್ತೆ ಮೆಗ್‌ಗೆ.

ಮೇ ತಿಂಗಳಲ್ಲಿ ಕೂಲಿ ಕರಾರು ಮುಗಿಯುವ ಗಡುವು ಬಂತೆಂದರೆ ಹೊಲದಾಳುಗಳು ಗಂಟುಮೂಟೆ ಕಟ್ಟಿ ಬೇರೆ ಯಜಮಾನನ ಕಡೆಗೆ ಗಾಡಿ ಹೂಡುತ್ತಿದ್ದ ಕಾಲವದು. 1872ರ ಅಂಥದೊಂದು ದಿನ, ಹಾಲು ಕರೆಯುವ ಆಳು ಬಾರ್ಬರಾ, ತಂದೆಯ ಹೆಸರಿಲ್ಲದ ತನ್ನ ನಾಲ್ಕು ವರ್ಷದ ಮಗ ವಾಲ್ಟರನನ್ನು ಒಬ್ಬ ಸಣ್ಣ ರೈತನ ಮನೆಯಲ್ಲಿ ಬಿಟ್ಟಳು. “ಮುಂದಿನ ಗಡುವಿಗೆ ಬಂದು ಕರ್ಕೊಂಡೋಗ್ತೀನಿ ಕಂದಾ,” ಅಂದಳು. ಹೋದವಳು ಹೋದಳು. ಹುಡುಗ ಪ್ರತಿ ಗಡುವಿಗೂ ಮುಖ ತೊಳೆದು, ಕಲ್ಲುಗೋಡೆಯ ಮೇಲೆ ಕೂತು, ಹಾದುಹೋಗುವ ಗಾಡಿಗಳನ್ನೆಲ್ಲ ನೋಡುತ್ತಿದ್ದ. ಮೀಸೆ ಚಿಗುರುವವರೆಗೂ ನೋಡಿದ.

ಮುಂದೆ ಅವನೂ ಗುತ್ತಿಗೆ ಹೊಲ ಹಿಡಿದ, ಮದುವೆಯಾದ. ಎರಡನೇ ಮಗಳಿಗೆ ಅಪ್ಪನ ತಾಯಿಯ ಹೆಸರಿಡುವುದು ಅಲ್ಲಿಯ ವಾಡಿಕೆ. ವಾಲ್ಟರ್ ಹಟ ಹಿಡಿದು ಪಕ್ಕದ ಮನೆಯವಳ ಹೆಸರಿಟ್ಟ. ಆ ಮಗಳೇ ಮೆಗ್. ಎರವಲು ಹೆಸರಿನವಳು ಎಂದು ಊರೆಲ್ಲ ಆಡಿಕೊಂಡರೂ ಅವಳು ಮಾತ್ರ ಅಜ್ಜಿಯನ್ನು ಬಿಟ್ಟುಕೊಡಲಿಲ್ಲ.

“ಹೆತ್ತವಳು ಸುಮ್‌ಸುಮ್ನೆ ಬಿಟ್ಟುಹೋಗ್ತಾಳೇನೇ? ದಾರೀಲಿ ಜ್ವರಗಿರ ಬಂದು ಸತ್ತಿರ್ಬೇಕು. ಅದೊಂದು ತಿಳ್ಕೊಂಡು ಬಾರೇ, ನೆಮ್ಮದಿಯಾಗಿ ಕಣ್ಮುಚ್ತೀನಿ,” ಅಂದಿದ್ದಳು ಟೀನಿಗೆ.

ಹಾಗಾಗಿ ಟೀನಿ ಗ್ರಂಥಾಲಯದ ಮೈಕ್ರೋಫಿಲ್ಮ್ ಯಂತ್ರದ ಮುಂದೆ ಕೂತು ನೋಡಿದ್ದೆಲ್ಲ ಮರಣದ ದಾಖಲೆಗಳನ್ನೇ. ಅಲ್ಲಿಯ ಗುಮಾಸ್ತ ಸ್ಯಾಂಡಿಸನ್‌ಗೆ ತಮಾಷೆ.

“ಏನಮ್ಮಾ ಟೀನಿ, ಇವತ್ತಾದ್ರೂ ಸತ್ತಳಾ ನಿಮ್ಮಜ್ಜಿ?”

“ಇನ್ನೂ ಇಲ್ಲಪ್ಪಾ, ಗಟ್ಟಿ ಜೀವ.”

“ಹಂಗಾದ್ರೆ ಬದುಕಿರೋರಲ್ಲಿ ಹುಡುಕ್ರಮ್ಮ,” ಎಂದು ನಗುತ್ತ 1881ರ ಜನಗಣತಿಯ ಸುರುಳಿ ಹಾಕಿಕೊಟ್ಟ.

ಬಾರ್ಬರಾ ಸಿಕ್ಕಳು. ಮಗನನ್ನು ಬಿಟ್ಟ ಮನೆಯಿಂದ ಬರೀ ಆರು ಮೈಲಿ ಆಚೆ, ಒಬ್ಬ ಅನುಕೂಲಸ್ಥ ರೈತನ ಹೆಂಡತಿಯಾಗಿ. ಅದೇ ವಯಸ್ಸು, ಅದೇ ಹುಟ್ಟೂರು. ನಾಲ್ಕು ಮಕ್ಕಳು. ಹಿರಿಯವನಿಗೆ ಆರು ವರ್ಷ, ಹೆಸರು ವಾಲ್ಟರ್.

ಟೀನಿ ಆ ಸಾಲನ್ನು ಮತ್ತೊಮ್ಮೆ ಓದಿದಳು. ಸತ್ತ ಮಗುವಿನ ಹೆಸರನ್ನು ಮುಂದಿನ ಮಗುವಿಗೆ ಇಡುವುದುಂಟು. ಬದುಕಿರುವ ಮಗುವಿನದನ್ನು ಆ ಸೀಮೆಯಲ್ಲಿ ಯಾವ ತಾಯಿಯೂ ತೆಗೆದು ಇನ್ನೊಂದಕ್ಕೆ ಕೊಡುವುದಿಲ್ಲ. ಗೋಡೆಯ ಮೇಲೆ ಕೂತು ಕಾಯುತ್ತಿದ್ದವನನ್ನು ಹೆತ್ತವಳು ಮನಸ್ಸಿನಲ್ಲೇ ಮಣ್ಣು ಮಾಡಿದ್ದಳು! ಹುಡುಗ ಸತ್ತನೆಂದು ಯಾರೋ ಸುಳ್ಳು ಹೇಳಿರಬಹುದೇ? ಆ ಒಂದು ಆಸೆಯಿಂದ ಟೀನಿ ಮದುವೆಯ ದಾಖಲೆ ತೆಗೆಸಿದಳು. ಸಾಕ್ಷಿ ಹಾಕಿದ್ದವನು ವಾಲ್ಟರನನ್ನು ಸಾಕುತ್ತಿದ್ದ ಆ ರೈತನೇ. ಮಗ ಎಲ್ಲಿದ್ದಾನೆ, ಹೇಗಿದ್ದಾನೆ, ಬಾರ್ಬರಾಗೆ ಎಲ್ಲವೂ ಗೊತ್ತಿತ್ತು. ಹಾಳು ಕಾಗದಕ್ಕೆ ಇಷ್ಟೂ ದಾಕ್ಷಿಣ್ಯವಿಲ್ಲ.

ಅತ್ತೆಗೆ ಸುಳ್ಳು ಹೇಳುವುದೆಂದು ಗಟ್ಟಿಮಾಡಿಕೊಂಡೇ ಟೀನಿ ಟರಿಫ್ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ‘ಜ್ವರ ಬಂದಿತ್ತಂತೆ ಅತ್ತೆ’ ಎಂದು ಬಾಯಿಪಾಠ ಮಾಡಿದಳು. ಆದರೆ ಮೆಗ್ ದಿಂಬಿನಿಂದ ತಲೆಯೆತ್ತಿ, “ಸತ್ತಿದ್ಳು ತಾನೇ?” ಎಂದು ಮಗುವಿನ ಹಾಗೆ ಕೇಳಿದಾಗ ಅಳು ಒತ್ತಿಕೊಂಡು ಬಂತು. ಮರೆಮಾಚಲು ಆಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟಳು.

ಮೆಗ್ ಹೊದಿಕೆಯ ಅಂಚು ಹಿಸುಕಿದಳು.

“ಹೋಗ್ಲಿ, ಆ ಇನ್ನೊಬ್ಬ ವಾಲ್ಟರ್... ಅವನನ್ನಾದ್ರೂ ಚೆನ್ನಾಗಿ ಸಾಕಿದ್ಳಾ?”

“ಅವನು ಒಂಬತ್ತು ವರ್ಷಕ್ಕೇ ಹೋದ ಅತ್ತೆ. ಗಂಟಲುಮಾರಿ.”

“ಆಗ ನಮ್ಮಪ್ಪಂಗೆ ಹದಿನಾರೋ ಏನೋ.” ಮುದುಕಿಯ ದನಿ ಸಣ್ಣದಾಯಿತು. “ಆಗ್ಲೂ ಬರ್ಲಿಲ್ವೇನೇ?”

“ಇಲ್ಲ ಅತ್ತೆ,” ಅಂದಳು ಟೀನಿ. “ಆಗ್ಲೂ ಬರ್ಲಿಲ್ಲ.”