ವಾಕ್ಯ ಮಾಡಬಾರದ ಮಾತು

ಅವರ ಬಲಗೈ ಉಂಗುರದ ಬೆರಳಿನ ಉಗುರು ಸದಾ ಕೆಂಪಗಿರುತ್ತಿತ್ತು. ಪಾತ್ರೆ ತಿಕ್ಕಿ, ಬೂದಿಯಲ್ಲಿ ಕೈ ಉಜ್ಜಿದರೂ ಆ ಕೆಂಪು ಹೋಗುತ್ತಿರಲಿಲ್ಲ. ಆ ಕಾಲಕ್ಕೆ ನಾವೆಲ್ಲ ಹಣೆಗೆ ಮೊದಲು ಚಿಟಿಕೆ ಮೇಣ ಒತ್ತಿ, ಅದರ ಮೇಲೆ ಕುಂಕುಮ ತಿದ್ದಿಕೊಳ್ಳುತ್ತಿದ್ದೆವು. ನಾವು ಬೆಳಿಗ್ಗೆ ಒಂದು ಸಲ ಇಟ್ಟರೆ ಮುಗಿಯಿತು. ಅವರು ಮಾತ್ರ ಮಧ್ಯಾಹ್ನವೊಮ್ಮೆ, ದೀಪ ಹಚ್ಚುವ ಹೊತ್ತಿಗೊಮ್ಮೆ ಕನ್ನಡಿಯಲ್ಲಿ ನೋಡಿ ಸರಿಮಾಡಿಕೊಳ್ಳುವರು. ಸ್ವಲ್ಪ ಅಳಿಸಿದರೂ ಮುಖ ಸಣ್ಣಗಾಗುತ್ತಿತ್ತು.

ಮುಳಬಾಗಿಲಿನಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಊರಿಗೆಲ್ಲ ಹಿಂದಿಯಮ್ಮ. ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಕಾಶಿಯಲ್ಲಿ ಕೆಲವು ವರ್ಷ ಇದ್ದರಂತೆ. ಗಂಡ ಅಲ್ಲಿ ಶಾಸ್ತ್ರ ಓದಲು ಹೋದವರು, ಅಲ್ಲಿನವರ ಬಾಯಲ್ಲಿ ಪಂಡಿತ್‌ಜೀ. ಇವರಿಗೆ ಅಲ್ಲಿನ ನೀರು ಒಗ್ಗದೆ ಮೈಗೆ ಆಗದಾಗ, ಊರ ಕಡೆಯ ಯಾತ್ರಿಕರ ಜೊತೆಗೆ ಕಳಿಸಿ, ‘ನೀನು ನಡೆ, ಹಿಂದೆಯೇ ಬರುತ್ತೇನೆ’ ಅಂದರಂತೆ. ಬರಲಿಲ್ಲ. ಮೊದಮೊದಲು ಕಾಗದ ಬಂತು, ಆಮೇಲೆ ಅದೂ ಇಲ್ಲ. ಹೆಂಡತಿಯನ್ನು ಕಳೆದುಕೊಂಡ ಭಾವನವರ, ಅಂದರೆ ಗಂಡನ ಅಣ್ಣನ ಮನೆಯಲ್ಲಿ ಅಡಿಗೆ ಮಾಡಿಕೊಂಡು ಇವರು ಉಳಿದರು. ಖಾದಿಯ ಜೊತೆಗೆ ಹಿಂದಿಯೂ ನಮ್ಮ ಕಡೆಗೆ ಬಂದ ಕಾಲ ಅದು. ಗಂಡಸರಿಗೆ ಕೋಲಾರದಿಂದ ಯಾರೋ ಬಂದು ಪಾಠ ಹೇಳುತ್ತಿದ್ದರು. ನಮಗೆ ಇವರೇ ತಮ್ಮ ಪಡಸಾಲೆಯಲ್ಲಿ, ಊಟದ ಮೇಲೆ, ಅವರೆಕಾಯಿ ಬಿಡಿಸುತ್ತಾ ಕಲಿಸಿದರು. ನಾನು ಮಾಲೂರಿನಿಂದ ಸೊಸೆಯಾಗಿ ಬಂದವಳು. ಕನ್ನಡ ಅಕ್ಷರವನ್ನೇ ಕೂಡಿಸಿ ಓದುತ್ತಿದ್ದೆ. ಇವತ್ತು ಎರಡು ಭಾಷೆಯಲ್ಲಿ ದೇವರ ನಾಮ ಓದಿಕೊಳ್ಳುತ್ತೇನೆ ಅಂದರೆ ಆ ಪಡಸಾಲೆಯ ಪುಣ್ಯ.

ಪ್ರತಿ ಹೊಸ ಮಾತಿಗೂ ಮನೆಯವರನ್ನು ಸೇರಿಸಿ ಒಂದು ವಾಕ್ಯ ಮಾಡಬೇಕು, ಅದು ಅವರ ಪದ್ಧತಿ. ‘ಅತ್ತೆ ಮಜ್ಜಿಗೆ ಕಡೆಯುತ್ತಾರೆ’, ‘ಗಂಡ ಸಂತೆಗೆ ಹೋದರು’. ನಗುನಗುತ್ತಾ ಕಲಿತೆವು. ಒಂದು ದಿನ ಸಾವಿನ ಮಾತು ಬಂತು. ಅವರ ಕೈ ಅವರೆಕಾಯಿಯ ಮೇಲೆ ನಿಂತಿತು.

“ಅದಕ್ಕೂ ಹಿಂದೀಲಿ ಮೇಲು ಕೀಳು ಇದೆ ಕಣ್ರೇ,” ಅಂದರು. “ನಾಯಿಗೆ, ಕಾಗೆಗೆ, ಆಗದೋರಿಗೆ ಮರ್ ಗಯಾ ಅಂತಾರೆ. ಮನೆ ಹಿರೀರಿಗೆ ಹಾಗಂದ್ರೆ ಕೆನ್ನೆಗೆ ಬೀಳುತ್ತೆ. ಅವರಿಗೆ ಗುಜರ್ ಗಯೇ ಅನ್ನಬೇಕು, ದಾಟಿ ಹೋದ್ರು ಅಂತ. ದೊಡ್ಡೋರಿಗೆ ದೇಹಾಂತ. ಬಾಳಿ ಬದುಕಿದೋರ ಮೇಲೆ ಪ್ರೀತಿ ಇದ್ರೆ ಚಲ್ ಬಸೇ, ನಡೆದು ಹೋಗಿ ಅಲ್ಲಿ ನೆಲೆಯಾದ್ರು ಅನ್ನೋ ಹಾಗೆ. ಬರೀ ಮೌತ್ ಅಂತ ಹೆಸರು ಹಿಡಿದು ಕರೆಯೋದು ಬೈಗುಳದಲ್ಲಿ, ಇಲ್ಲಾ ತುಂಬ ಹೆದರಿದಾಗ.”

ನಾವು ನಮ್ಮವನ್ನೂ ಲೆಕ್ಕ ಹಾಕಿದೆವು: ತೀರಿಕೊಂಡರು, ಹೋಗಿಬಿಟ್ಟರು, ದೇವರ ಪಾದ ಸೇರಿದರು. ತೆಲುಗಿನವರು ತಮ್ಮದನ್ನು ಹೇಳಿದರು. ಯಾವ ಭಾಷೆಯವರೂ ಅದನ್ನು ನೇರವಾಗಿ ಮನೆಯೊಳಗೆ ಕರೆಯುವುದಿಲ್ಲ ಎಂದು ಆವತ್ತು ನನಗೆ ತಿಳಿಯಿತು.

“ಈ ಮಾತಿಗೆ ಮಾತ್ರ ವಾಕ್ಯ ಮಾಡಬೇಡಿ,” ಅಂದರು. “ಮಾಡಲೇಬೇಕು ಅಂದ್ರೆ ಯಾರಾದ್ರೂ ಒಬ್ಬ ರಾಜನ್ನ ಸಾಯಿಸಿ. ದೂರದಲ್ಲಿರ್ತಾನೆ.”

ಎಲ್ಲರೂ ನಕ್ಕೆವು. ಬೈರಕೂರಿನಿಂದ ಬಂದು ಅಕ್ಕನ ಮನೆಯಲ್ಲಿದ್ದ ಒಬ್ಬ ಹುಡುಗಿ ಮಾತ್ರ ಅಷ್ಟು ಹೊತ್ತಿಗೆ ಸ್ಲೇಟಿನ ಮೇಲೆ ಬರೆದು ಮುಗಿಸಿದ್ದಳು. ಗೌರವದ ಮಾತಲ್ಲವೇ, ಗೌರವದವರು ಬೇಕು ಅಂತ, ‘ಪಂಡಿತ್‌ಜೀ ಗುಜರ್ ಗಯೇ’ ಎಂದು ಗಟ್ಟಿಯಾಗಿ ಓದಿಯೂ ಬಿಟ್ಟಳು. ಪಾಪ, ಅವಳಿಗೆ ಏನು ಗೊತ್ತು? ಹಿಂದಿಯಮ್ಮ ಒದ್ದೆ ಬಟ್ಟೆ ತಂದು ಆ ಸ್ಲೇಟನ್ನು ತಾವೇ ಒರೆಸಿದರು, ಒಣಗಿದ ಮೇಲೆ ಮತ್ತೊಮ್ಮೆ ಒರೆಸಿದರು. ನಮ್ಮೆಲ್ಲರಿಗೂ ಬಾಯಿ ಮುಕ್ಕಳಿಸಿ ಬರಲು ಹೇಳಿದರು. ಆವತ್ತು ಪಾಠ ಮುಂದುವರಿಯಲಿಲ್ಲ.

ಅವರ ಭಯಕ್ಕೆ ಕಾರಣ ಅದೇ ಪಡಸಾಲೆಯಲ್ಲಿ, ನಮ್ಮ ತಲೆಯ ಮೇಲೆಯೇ ಇತ್ತು. ತೊಲೆಗೆ ಒಂದು ದರ್ಭೆಯ ಕಟ್ಟು ತೂಗುಬಿಟ್ಟಿದ್ದರು. ಮನೆಬಿಟ್ಟು ಹೋದವನ ಸುದ್ದಿ ಹನ್ನೆರಡು ವರ್ಷ ಬರದಿದ್ದರೆ, ದರ್ಭೆಯಲ್ಲಿ ಅವನ ಆಕೃತಿ ಮಾಡಿ, ಬೆಂಕಿ ಕೊಟ್ಟು, ಕರ್ಮ ಮುಗಿಸಬೇಕು ಅನ್ನುವುದು ಶಾಸ್ತ್ರ. ಭಾವನವರು ಕೆಟ್ಟವರಲ್ಲ. ತಮ್ಮ ಪ್ರೇತವಾಗಿ ಎಲ್ಲಿ ಅಲೆಯುತ್ತಿದ್ದಾನೋ ಎಂದು ಊಟದ ಎಲೆಯ ಮುಂದೆ ಕಣ್ಣೀರು ಹಾಕುವ ಮನುಷ್ಯ. ಹನ್ನೆರಡನೆಯ ವರ್ಷ ತುಂಬುತ್ತಾ ಬಂದಿತ್ತು. ಅದು ತುಂಬಿದ ದಿನ ಹಿಂದಿಯಮ್ಮನ ಬಳೆ ಒಡೆದು, ಕೂದಲು ತೆಗೆಸಿ, ಒಳಮನೆಯಲ್ಲಿ ಕೂರಿಸುತ್ತಾರೆ. ಎದುರು ಬಂದರೆ ಅಪಶಕುನ ಅನ್ನಿಸಿಕೊಂಡವರ ಹತ್ತಿರ ಮುತ್ತೈದೆಯರನ್ನು, ಹುಡುಗಿಯರನ್ನು ಪಾಠಕ್ಕೆ ಯಾರು ಕಳಿಸುತ್ತಾರೆ? ಗಾಳಿ ಬೀಸಿದಾಗ ಆ ಕಟ್ಟು ಸರಸರ ಅನ್ನುತ್ತಿತ್ತು. ಅವರು ಎಂದೂ ಕತ್ತೆತ್ತಿ ಅದನ್ನು ನೋಡಿದ್ದು ನಾನು ಕಾಣೆ.

ತಿರುಪತಿಗೆ ನಡೆದು ಹೋಗುವ ಉತ್ತರದ ಬೈರಾಗಿಗಳು ನಮ್ಮೂರ ಹನುಮಂತರಾಯನನ್ನು ನೋಡದೆ ಮುಂದೆ ಹೋಗುವುದಿಲ್ಲ. ಯುದ್ಧದ ಕಾಲ, ಧನುರ್ಮಾಸದ ಒಂದು ಮಧ್ಯಾಹ್ನ. ನಾನೂ ಅವರೂ ನೆನೆಹಾಕಿದ ಅವರೆಕಾಳು ಹಿತುಕುತ್ತಾ ಕೂತಿದ್ದೆವು. ಒಬ್ಬ ಮುದಿ ಬೈರಾಗಿ ವಿಚಾರಿಸಿಕೊಂಡು ಬಂದು ಜಗಲಿಯ ಮುಂದೆ ನಿಂತ. ಭಾವನವರಿಗೆ ಅವನ ಮಾತು ಒಂದೂ ತಿಳಿಯದು.

“ಏಮಮ್ಮಾ, ನಿನ್ನ ಹಿಂದಿ ಬಾಗಿಲಿಗೇ ಬಂದಿದೆ, ಕೇಳು,” ಎಂದು ತಮ್ಮ ತೆಲುಗು ಬೆರೆತ ಮಾತಿನಲ್ಲಿ ಒಳಗೆ ಕೂಗಿದರು.

ಭಾವನೆದುರು ನಿಲ್ಲುವ ಹಾಗಿಲ್ಲವಾದ್ದರಿಂದ ಇವರು ಬಾಗಿಲ ಮರೆಯಲ್ಲಿ ನಿಂತು ಏನು ಅಂತ ಕೇಳಿದರು. ನಾನು ಅವರ ಹಿಂದೆ. ಬೈರಾಗಿ ಕೈಮುಗಿದು ಮೆಲ್ಲಗೆ ಹೇಳಿದ: “ಮಾಯೀ, ಪಂಡಿತ್‌ಜೀ ತೋ ಗುಜರ್ ಗಯೇ.” ಅದೇ ವಾಕ್ಯ. ಹೆಣ ಸುಡುವ ಮಣಿಕರ್ಣಿಕೆಯ ಘಟ್ಟದಲ್ಲಿ ನಾವೇ ಬೆಂಕಿ ಕೊಟ್ಟೆವು, ಎಲ್ಲವೂ ವಿಧಿಯಂತೆ ನಡೆಯಿತು ಎಂದೂ ಹೇಳಿದ. ಆ ಮಾತು ತಿಳಿದವರು ಆ ಗಳಿಗೆ ಅಲ್ಲಿ ಇಬ್ಬರೇ, ಅವರು ಮತ್ತು ನಾನು.

“ಏಮಂಟಾಡಮ್ಮಾ? ಏನಂತೆ?” ಭಾವನವರು ಬಾಗಿಲ ಕಡೆ ತಿರುಗಿದರು.

ಹಿಂದಿಯಮ್ಮ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದ್ದರು. ಕೆಂಪು ಉಗುರು ಮರಕ್ಕೆ ಒತ್ತಿ ಬೆಳ್ಳಗಾಗಿತ್ತು.

“ನೋಡಿದ್ದಾರಂತೆ,” ಅಂದರು. “ಚೆನ್ನಾಗಿದ್ದಾರಂತೆ. ಸನ್ಯಾಸಿಗಳ ಜೊತೆ ಸೇರಿದ್ದಾರಂತೆ.”

ಭಾವನವರು ಹನುಮಂತರಾಯನ ಗುಡಿಯ ದಿಕ್ಕಿಗೆ ಕೈಮುಗಿದರು. ಒಳಗೆ ಓಡಿ, ತಮಗೆಂದು ಇಟ್ಟಿದ್ದ ಹಾಲನ್ನು ತಾವೇ ತಂದು ಬೈರಾಗಿಯ ಮುಂದೆ ಇಟ್ಟರು. ಬೈರಾಗಿ ಹಾಲನ್ನು ನೋಡಿದ, ಬಾಗಿಲ ಸಂದಿನಲ್ಲಿ ಕಂಡ ಹಿಂದಿಯಮ್ಮನ ಹಣೆಯನ್ನು ನೋಡಿದ, ಮುಟ್ಟದೆ ಎದ್ದು ಹೋದ. ಸಾವಿನ ಮನೆಯಲ್ಲಿ ಏನೂ ಕುಡಿಯಬಾರದಲ್ಲ. ಯಾಕೆ ಕುಡಿಯಲಿಲ್ಲವೆಂದು ಭಾವನವರು ಕೇಳಿದ್ದಕ್ಕೆ, ಏನೋ ವ್ರತವಂತೆ ಅಂದರು ಹಿಂದಿಯಮ್ಮ. ಸುದ್ದಿ ಬಂತು ಅಂದಮೇಲೆ ಲೆಕ್ಕ ಮೊದಲಿನಿಂದ ಶುರು. ಸಂಜೆಯೊಳಗೆ ದರ್ಭೆಯ ಕಟ್ಟು ತೊಲೆಯಿಂದ ಇಳಿಯಿತು.

ಅಷ್ಟರಲ್ಲಿ ಹಿಂದಿಯಮ್ಮ ಕೊಡ ತೆಗೆದುಕೊಂಡು ಕಲ್ಯಾಣಿಗೆ ಹೊರಟಿದ್ದರು. ಮನೆಯಲ್ಲಿ ನೀರು ತುಂಬಿತ್ತು. ನಾನು ಹಿಂದೆಯೇ ಹೋದೆ. ಮೆಟ್ಟಿಲಿನ ಮೇಲೆ ಕೊಡ ಇಟ್ಟು, ತಲೆಗೂದಲು ಬಿಚ್ಚಿ, ಉಟ್ಟ ಸೀರೆಯಲ್ಲೇ ಇಳಿದು ಮುಳುಗಿದರು. ಹತ್ತಿರದವರ ಸಾವು ಕಿವಿಗೆ ಬಿದ್ದರೆ ಹಾಗೆಯೇ ಸ್ನಾನ ಮಾಡಬೇಕು. ಹೊರಗೆ ಸುಳ್ಳು ಹೇಳಿದವರು ದೇವರಿಗೆ ಸುಳ್ಳು ಹೇಳಲಿಲ್ಲ. ಗುರುವಿನ ಮನೆಯ ಸಾವು ನನಗೂ ಅಂಟುತ್ತದೋ ಇಲ್ಲವೋ ತಿಳಿಯದು, ನಾನೂ ಮುಳುಗಿದೆ. ನೀರು ಕೊರೆಯುತ್ತಿತ್ತು.

“ಭಯ ಆಯ್ತು ಕಣೇ,” ಅಂದರು ಚಳಿಗೆ ಹಲ್ಲು ಕಟಕಟಿಸುತ್ತಾ. “ಅಳೋದೆಲ್ಲ ಈ ಹನ್ನೆರಡು ವರ್ಷದಲ್ಲೇ ಅತ್ತು ಮುಗಿಸಿದೀನಿ. ಈಗ ಒಳಮನೆ ಸೇರಿದ್ರೆ ನಾನೂ ಸತ್ತ ಹಾಗೇ. ಕಾಶೀಲಿ ಹೋದೋರಿಗೆ ಪ್ರೇತಜನ್ಮ ಇಲ್ಲ, ಅದೊಂದು ಸಮಾಧಾನ.”

ತೊಯ್ದು ಮನೆಗೆ ಬಂದರೆ ನಮ್ಮತ್ತೆ ಬಾಗಿಲಲ್ಲೇ ಇದ್ದರು. ಪಾಚಿಯ ಮೇಲೆ ಕಾಲು ಜಾರಿತು ಅಂತ ಹಿಂದಿಯಮ್ಮ, ಹಿಡಿಯಲು ಹೋಗಿ ಬಿದ್ದೆ ಅಂತ ನಾನು.

“ಇಬ್ಬರೂ ಒಂದೇ ಕಲ್ಲಿನ ಮೇಲಾ? ಚೆನ್ನಾಗಿದೆ ನಿಮ್ಮ ಹಿಂದಿ,” ಅಂದು ಅತ್ತೆ ಒಳಗೆ ಹೋದರು.

ಮಾರನೆಯ ಬೆಳಿಗ್ಗೆ ಎರಡು ಮನೆಯ ನಡುವಿನ ಮೋಟುಗೋಡೆಯ ಆಚೆಯಿಂದ ಅವರು ಕುಂಕುಮದ ಭರಣಿ ಚಾಚಿದರು. “ನಾನಾಗಿ ಇಟ್ಟುಕೊಳ್ಳಲಾರೆ,” ಅಂದರು. “ಮುತ್ತೈದೆ ಕೊಟ್ಟರೆ ಬೇಡ ಅನ್ನೋ ಹಾಗಿಲ್ಲ. ನೀನಿಡು.” ನಾನು ಮೇಣ ಒತ್ತಿ ಕುಂಕುಮ ಇಟ್ಟೆ. ಅಲ್ಲಿಂದ ಮುಂದೆ ದಿನಾ ಹಾಗೆಯೇ. ಅವರ ಉಗುರು ಬೆಳ್ಳಗಾಯಿತು, ನನ್ನದು ಕೆಂಪಾಯಿತು. ಯಾರಿಗೂ ಕಾಣದ ಹಾಗೆ ಅವರು ಒಪ್ಪೊತ್ತು ಉಂಡರು, ತಲೆದಿಂಬು ಬಿಟ್ಟರು, ಮುಡಿಯಲು ಕೊಟ್ಟ ಹೂವನ್ನು ಪಾಠಕ್ಕೆ ಬಂದ ಹುಡುಗಿಯರ ಜಡೆಗೆ ಸಿಕ್ಕಿಸಿದರು. ಪಾಠ ನಿಲ್ಲಲಿಲ್ಲ. ಸಾವಿನ ಮಾತಿರುವ ಪುಟ ಬಂದಾಗ ಮಾತ್ರ ಎರಡು ಪುಟ ಕೂಡಿಸಿ ಮಗುಚುತ್ತಿದ್ದರು.

ಒಂದು ವರ್ಷವಾಗಿರಬೇಕು. ಶ್ರೀನಿವಾಸಪುರದ ಶಾಲೆಯಲ್ಲಿ ಕೆಲಸದಲ್ಲಿದ್ದ ನಮ್ಮೆಜಮಾನರು ಮೈ ಸುಡುತ್ತಾ ಗಾಡಿಯಲ್ಲಿ ಬಂದಿಳಿದರು. ವಿಷಮಶೀತ ಜ್ವರ. ದಿನದಿನಕ್ಕೆ ಏರಿತೇ ಹೊರತು ಇಳಿಯಲಿಲ್ಲ. ಗಂಡ ಹೋದವಳ ಹಣೆಗೆ ಕುಂಕುಮ ಇಟ್ಟರೆ ಇಟ್ಟವಳ ಕುಂಕುಮಕ್ಕೆ ಕೇಡು ಎಂದು ಚಿಕ್ಕಂದಿನಿಂದ ಕೇಳಿದವಳು ನಾನು. ನನ್ನ ಕೆಂಪು ಉಗುರನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ಆ ಬೆರಳಿಂದ ಅವರಿಗೆ ಗಂಜಿ ಕುಡಿಸಲೂ ಹೆದರಿದೆ. ಮೋಟುಗೋಡೆಯ ಕಡೆ ಹೋಗುವುದನ್ನು ಬಿಟ್ಟೆ. ಹಿಂದಿಯಮ್ಮ ಭರಣಿ ಹಿಡಿದು ಗೋಡೆಯ ತನಕ ಬಂದವರು ಕರೆಯದೆ ಒಳಗೆ ಹೋದರು. ತಲೆನೋವು ಅಂತ ಸೆರಗು ಹಣೆಯ ಮೇಲೆಳೆದುಕೊಂಡು ಮಲಗಿದರಂತೆ. ಮರುದಿನವೂ ಅಷ್ಟೇ. ಗೋಡೆಯಾಚೆಯಿಂದ ಒಂದೇ ಮಾತು ಬಂತು: “ನಾಳೆ ಭಾವನವರಿಗೆ ಹೇಳಿಬಿಡ್ತೀನಿ ಕಣೇ. ನಿನ್ನ ಮನೆ ಚೆನ್ನಾಗಿರಲಿ.”

ಕಷಾಯ ಸೋಸುತ್ತಿದ್ದ ನಮ್ಮತ್ತೆ ಅದನ್ನು ಕೇಳಿಸಿಕೊಂಡರು. ಬಟ್ಟಲು ಕೆಳಗಿಟ್ಟು ನನ್ನ ಕಡೆ ತಿರುಗಿದರು.

“ಹೋಗಿ ಇಡೇ.”

“ಅತ್ತೆ, ಇವರಿಗೆ ಹೀಗಿರುವಾಗ...”

“ತಲೆ ಬಿಚ್ಕೊಂಡು ಯಾರಾದ್ರೂ ಜಾರಿ ಬೀಳ್ತಾರೇನೇ? ನನಗೆ ಹಿಂದಿ ಬರಲ್ಲ, ಕಣ್ಣಿದೆ. ಒಳಗೆ ಮಲಗಿರೋನು ನಾನು ಹೆತ್ತ ಮಗ. ನಾನೇ ಹೇಳ್ತಿದೀನಿ, ಕೊಡೋ ಕೈಗೆ ಕೇಡಿಲ್ಲ. ಹೋಗು.”

ಹೋದೆ. ಕುಂಕುಮ ಅವರ ಮೂಗಿನ ಮೇಲೂ ಚೆಲ್ಲಿತು. ಅವರು ಕಣ್ಣು ಮುಚ್ಚಿಕೊಂಡೇ ಇದ್ದರು. ಆ ವಾರವೆಲ್ಲ ತೊಲೆಯ ಮೇಲೆ ಹಲ್ಲಿ ಲೊಚಗುಟ್ಟಿದರೆ ಎದ್ದು ನಿಲ್ಲುತ್ತಿದ್ದೆ. ವಾರ ಕಳೆದು ಒಂದು ಬೆಳಿಗ್ಗೆ ನಮ್ಮೆಜಮಾನರು ಬೆವರಿ, ಕಣ್ಣು ಬಿಟ್ಟು, ಸಾರನ್ನ ಕೇಳಿದರು. ದೇವರು ದೊಡ್ಡವನು. ಒಂದು ಪಿಡಿಚೆ ಸಾರನ್ನಕ್ಕೆ ನಾನು ಅವನಿಗೆ ಇನ್ನೂ ನಮಸ್ಕಾರ ಸಲ್ಲಿಸುತ್ತಲೇ ಇದ್ದೇನೆ.

ಸ್ವಾತಂತ್ರ್ಯ ಬಂದ ಮರುವರ್ಷ ಹಿಂದಿಯಮ್ಮ ಎದೆಯ ಕೆಮ್ಮಿಗೆ ಹಾಸಿಗೆ ಹಿಡಿದರು. ಮೈ ಒಣಗಿ ಬಳೆಗಳು ಮೊಣಕೈಗೆ ಜಾರುತ್ತಿದ್ದವು. ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕೂರಿಸಿಕೊಂಡು, ‘ನಾನು ಹೋದ್ಮೇಲೆ ನನಗೆ ಯಾವ ಮಾತು ಹಾಕುತ್ತೀ’ ಎಂದು ಕೇಳಿದರು. ನೀವೇ ವಾಕ್ಯ ಮಾಡಬೇಡ ಅಂದಿದ್ದಿರಿ ಅಂದೆ.

“ಈಗ ಮಾಡಬಹುದು,” ಅಂದರು. “ದೇಹಾಂತ ಬೇಡ, ಅದು ದೊಡ್ಡೋರದು. ಚಲ್ ಬಸೀ ಅನ್ನು. ನಡೆದೇ ಹೋದ್ಲು, ಅಲ್ಲೆಲ್ಲೋ ಒಲೆ ಹೂಡಿದ್ಲು.”

ನಾಲ್ಕೈದು ದಿನದಲ್ಲಿ ಹೋದರು. ಮುತ್ತೈದೆಯ ಸಾವು, ಪುಣ್ಯವಂತೆ ಅಂತ ಬೀದಿಯ ಹೆಂಗಸರೆಲ್ಲ ಬಂದರು. ಅರಿಶಿನ ಹಚ್ಚಿ, ಹಸಿರು ಬಳೆ ತೊಡಿಸಿ, ತಮ್ಮ ತಮ್ಮ ತಾಳಿಗೆ ಅವರ ಕುಂಕುಮ ಒತ್ತಿಕೊಳ್ಳಲು ಕಾದು ನಿಂತರು. ಹಣೆಗೆ ಯಾರು ಇಡಬೇಕು ಅನ್ನುವ ಮಾತು ಬಂದಾಗ ನಮ್ಮತ್ತೆ ಗುಂಪನ್ನು ಸರಿಸಿದರು. “ದಿನಾ ಇಡ್ತಿದ್ದೋಳೇ ಇಡಲಿ,” ಅಂದರು. ನಾನೇ ಇಟ್ಟೆ. ಮೇಣ ತಣ್ಣಗಿನ ಹಣೆಗೆ ಹಿಡಿಯಲಿಲ್ಲ, ಅಂಗೈಯಲ್ಲಿ ಕರಗಿಸಿ ಹಚ್ಚಬೇಕಾಯಿತು.

ಎಲ್ಲ ಮುಗಿದ ಮೇಲೆ ಭಾವನವರು ಒಂದು ಕಾರ್ಡು ಹಿಡಿದುಕೊಂಡು ನಮ್ಮ ಜಗಲಿಗೆ ಬಂದರು. ಅಳು ತಡೆದುಕೊಂಡು, “ತಮ್ಮುಡಿಗೆ ತಿಳಿಸಬೇಕಲ್ಲಮ್ಮಾ,” ಅಂದರು. “ಕಾಶೀಲಿ ಯಾರಾದ್ರೂ ಓದಿ ಹೇಳ್ತಾರೆ. ಅವಳಷ್ಟು ಹಿಂದಿ ಬರೋಳು ಈಗ ನೀನೊಬ್ಬಳೇ. ಬರೆದುಕೊಡು.”

ನಾನು ನಮ್ಮತ್ತೆಯ ಮುಖ ನೋಡಿದೆ. ಅವರು ಹೂವು ಕಟ್ಟುವುದನ್ನು ನಿಲ್ಲಿಸಲಿಲ್ಲ, ಬರೆ ಅನ್ನುವ ಹಾಗೆ ತಲೆ ಮಾತ್ರ ಆಡಿಸಿದರು. ಆ ಮುದುಕರ ಎದುರು ಕೂತು, ಮಣಿಕರ್ಣಿಕೆ, ಕಾಶಿ ಎಂದು ವಿಳಾಸ ಬರೆದೆ. ಪಂಡಿತ್‌ಜೀ, ನಿಮ್ಮವರು ಚಲ್ ಬಸೀ, ಎಂದು ಬರೆದೆ.

ಭಾವನವರಿಗೆ ಕೊಡುವಾಗ ನೋಡಿದೆ, ನನ್ನ ಬೆರಳಿನ ಕೆಂಪು ಕಾರ್ಡಿನ ಮೂಲೆಗೆ ಹತ್ತಿತ್ತು. ಮೂಲೆಗೆ ಕುಂಕುಮ ಹಚ್ಚುವುದು ಮದುವೆಯ ಕಾಗದಕ್ಕೆ, ಸಾವಿನ ಕಾಗದಕ್ಕಲ್ಲ. ಒರೆಸಲು ಸೆರಗು ಎತ್ತಿದವಳು ಹಾಗೆಯೇ ಬಿಟ್ಟೆ.