ಎರಡನೇ ಭಾನುವಾರದ ಮನೆಯೊಡತಿ

ಚಾಕಲೇಟ್ ಅಜ್ಜಿ ಈಗ ನಮ್ಮ ಮನೆಗೆ ಯಾಕೆ ಬರುವುದಿಲ್ಲ ಎಂದು ಹೋದ ರಜೆಯಲ್ಲಿ ನೀವಿಬ್ಬರೂ ಕೇಳಿದಿರಿ. ನಾನು ಒಲೆಯ ಕಡೆ ತಿರುಗಿಬಿಟ್ಟೆ. ಎದುರಿಗೆ ಕೂತು ಇಂಥ ಮಾತು ಹೇಳಲು ನನಗೆ ಬರುವುದಿಲ್ಲ. ಊರಿನ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಮಾತ್ರ ನನ್ನ ಬಳಿ ಇದೆ. ಈ ಶಹರದ ಆಚೆ ತುದಿಯ ಕುಷಾಯಿಗೂಡದಿಂದ ನೀವು ಬಂದಾಗಲೆಲ್ಲ ನಿಮಗೂ ಅದನ್ನೇ ತಿದ್ದಿಸಿದ್ದೇನೆ. ಅದಕ್ಕೇ ಬರೆದಿಡುತ್ತೇನೆ. ಓದಿಕೊಳ್ಳಿ.

ನೀವು ಚಾಕಲೇಟ್ ಅಜ್ಜಿ ಎನ್ನುವವಳು ಎದುರಿನ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿದ್ದಾಳೆ. ಹುಬ್ಬಳ್ಳಿ ಕಡೆಯವಳು. ಒಂದು ಆಫೀಸಿನಲ್ಲಿ ದೊಡ್ಡ ಕೆಲಸದಲ್ಲಿದ್ದು ನಿವೃತ್ತಳಾದವಳು. ಲಿಂಗಂಪಲ್ಲಿಯ ನಮ್ಮ ಓಣಿಯಲ್ಲಿ ಕನ್ನಡ ಮಾತಾಡುವವರು ನಾವು ಎರಡೇ ಮನೆ. ಉಳಿದವರ ಜೊತೆಗೆ ತೆಲುಗು, ಅಂಗಡಿಯಲ್ಲಿ ಹಿಂದಿ. ನಿಮ್ಮ ತಾತ ಆಸ್ಪತ್ರೆಯಲ್ಲಿದ್ದಾಗ ಇಂಗ್ಲಿಷಿನ ಕಾಗದಗಳನ್ನೆಲ್ಲ ಓದಿ ಹೇಳಿದವಳು ಆಕೆ. ಇಲ್ಲಿ ಸಹಿ ಮಾಡ್ರಿ ಎಂದಲ್ಲಿ ನಾನು ಸಹಿ ಮಾಡಿದೆ. ತಾತ ಹೋದ ಮೇಲೆ ಹದಿಮೂರು ದಿನ ನನ್ನ ಪಕ್ಕದಲ್ಲಿ ಕೂತು, ನಾನು ಉಣ್ಣದಿದ್ದರೆ ತಾನೂ ಉಣ್ಣದೆ ಇದ್ದಳು. ಇದನ್ನು ಮೊದಲೇ ಹೇಳಬೇಕು. ಇಲ್ಲದಿದ್ದರೆ ಮುಂದಿನದರ ಭಾರ ನಿಮಗೆ ತಿಳಿಯುವುದಿಲ್ಲ.

ಹೊರದೇಶಗಳಿಂದ ಇಲ್ಲಿಗೆ ಓದಲು ಬಂದ ಮಕ್ಕಳಿಗೆ ಊರು ತೋರಿಸುವ ಒಂದು ಮಂಡಳಿಗೆ ಆಕೆ ಸೇರಿದ್ದಳು. ಪ್ರತಿ ತಿಂಗಳ ಎರಡನೇ ಭಾನುವಾರ ಒಂದು ಸಣ್ಣ ಬಸ್ಸು. ಬೆಳಿಗ್ಗೆ ಗೋಲ್ಕೊಂಡವೋ, ಚಾರ್‌ಮಿನಾರಿನ ಬಳೆ ಬಜಾರೋ, ಕೆರೆಯೋ. ಮಧ್ಯಾಹ್ನ ಊರಿನ ಯಾವುದಾದರೂ ಕುಟುಂಬದ ಮನೆಯಲ್ಲಿ ಊಟ. ಹೊಟೇಲಿನ ಊಟದಿಂದ ಊರು ತಿಳಿಯುವುದಿಲ್ಲ ಎಂಬುದು ಮಂಡಳಿಯವರ ಅಭಿಪ್ರಾಯವಂತೆ.

ಒಂದು ದಿನ ಆಕೆ ನಮ್ಮ ಪಡಸಾಲೆಯಲ್ಲಿ ಕೂತು ಹೇಳಿದಳು: "ಅಕ್ಕಾ, ನನ್ನ ಫ್ಲ್ಯಾಟಿನಾಗ ಹದಿನೈದು ಮಂದಿ ಕುಂಡ್ರಾಕ ಜಾಗಾ ಎಲ್ಲೈತಿ? ನಿಮ್ಮ ಪಡಸಾಲಿ ನೋಡ್ರಿ, ಗೌಡರ ವಾಡೇದಾಗ ಇದ್ದಂಗ ಐತಿ."

"ನನಗ ಮಾತಾಡಾಕ ಬರಂಗಿಲ್ಲ ತಂಗಿ. ಅವರ ಮುಂದ ಹೆಂಗ ನಿಲ್ಲಲಿ?"

"ಮಾತು ನನ್ನದು, ರೊಟ್ಟಿ ನಿಮ್ಮದು. ಮುಗೀತಲ್ಲ?"

ನಾನು ನಕ್ಕು ಒಪ್ಪಿದೆ. ನಿಜ ಹೇಳಬೇಕೆಂದರೆ ಬಹಳ ಸಂತೋಷವಾಯಿತು. ಆ ಪಡಸಾಲೆ ನಿಮ್ಮ ತಾತ ಕಟ್ಟಿದ್ದು. ರಾಯಚೂರು ಕಡೆಯಿಂದ ನಾವು ಗಂಡ ಹೆಂಡತಿ ಕಟ್ಟಡದ ಕೆಲಸಕ್ಕೆಂದು ಬಂದವರು. ತಾತ ಮುಂದೆ ಮೇಸ್ತ್ರಿಯಾದರು. ಲಿಂಗಂಪಲ್ಲಿಯ ಎಷ್ಟೋ ಎತ್ತರದ ಮನೆಗಳ ಗೋಡೆ ಅವರ ಕೈಯವು. ರಜೆಯ ದಿನಗಳಲ್ಲಿ ಈ ಎರಡು ಕೋಣೆ, ಒಂದು ಪಡಸಾಲೆ ಕಟ್ಟಿದರು. ಶಹಾಬಾದ್ ಕಲ್ಲನ್ನು ತಾವೇ ಹಾಸಿ, ತಾವೇ ತಿಕ್ಕಿ ನುಣುಪು ಮಾಡಿದರು. ನಾನು ನೀರು ಹೊಯ್ಯುತ್ತಿದ್ದೆ. ದೂರದ ದೇಶಗಳ ಮಕ್ಕಳು ಆ ಕಲ್ಲಿನ ಮೇಲೆ ಕೂತು ಉಣ್ಣುತ್ತಾರೆಂದರೆ ಗೋಡೆಯ ಮೇಲಿನ ಫೋಟೋದಿಂದ ತಾತ ನೋಡುತ್ತಾರೆ ಎಂದುಕೊಂಡೆ.

ನಮ್ಮ ಪದ್ಧತಿ ನಿಮಗೆ ಗೊತ್ತಿಲ್ಲ. ನಿಮ್ಮ ಅವ್ವ ಎಲ್ಲರ ಜೊತೆ ಮೇಜಿಗೆ ಕೂತು ಉಣ್ಣುತ್ತಾಳೆ, ಅದು ಒಳ್ಳೆಯದೇ. ನಮ್ಮ ಕಡೆ ಬೀಗರೋ ನೆಂಟರೋ ಊಟಕ್ಕೆ ಕೂತರೆ ಮನೆಯ ಹಿರಿಯ ಹೆಂಗಸು ಹೊರಗೆ ಬರುವುದಿಲ್ಲ. ಹಂಚಿನಿಂದ ಇಳಿದ ರೊಟ್ಟಿ ಬಿಸಿ ಆರುವ ಮೊದಲು ತಾಟಿಗೆ ಬೀಳಬೇಕು. ಕೊನೆಯವರು ಕೈ ತೊಳೆಯುವ ತನಕ ಆಕೆ ಒಲೆಯ ಮುಂದೆಯೇ. ಪರ ಗಂಡಸರಿದ್ದರೆ ಸೆರಗು ತಲೆಯ ಮೇಲೆ, ಮಾತೇನಿದ್ದರೂ ಬಾಗಿಲ ಮರೆಯಿಂದ. ಉಂಡವರು ಹೊರಡುವಾಗ ಅಡುಗೆಮನೆಯ ಕಡೆ ಮುಖ ಮಾಡಿ "ಬರ್ತೀವಿ ಬೇ" ಎಂದು ಕೂಗಿ ಹೇಳಿ ಹೋಗುತ್ತಾರೆ. ಕಾಣದೆ ಒಳಗಿರುವವಳೇ ಆ ಮನೆಯವಳು ಎಂದು ಯಾರಿಗೂ ತಿಳಿಸಿ ಹೇಳಬೇಕಾಗಿರಲಿಲ್ಲ. ಅದು ಎಲ್ಲ ದೇಶದಲ್ಲೂ ಹಾಗೆಯೇ ಎಂದು ನಾನು ನಂಬಿದ್ದೆ. ನನ್ನ ತಪ್ಪು ಅದೊಂದೇ.

ಮೊದಲ ಸಲ ಹದಿನಾಲ್ಕು ಮಂದಿ ಬಂದರು. ಅಡುಗೆಮನೆಯ ಬಾಗಿಲ ಸಂದಿಯಿಂದ ಇಣುಕಿದೆ. ಬಾಗಿಲಲ್ಲಿ ಬಿಟ್ಟ ಬೂಟುಗಳು ಒಂದು ಸಾಲು, ಒಂದೊಂದೂ ದೋಣಿಯಷ್ಟು. ಗೆಳತಿ ಇಂಗ್ಲಿಷಿನಲ್ಲಿ ಅರ್ಧ ಗಂಟೆ ಮಾತಾಡಿದಳು. ಕೈ ಆಡಿಸಿ ಕಲ್ಲು ತೋರಿಸಿದಳು, ತುಳಸಿ ತೋರಿಸಿದಳು, ಫೋಟೋ ತೋರಿಸಿದಳು. ಒಳಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಕೆಂಪು ಮೆಣಸಿನಕಾಯಿಯ ರಂಜಕವನ್ನು ಒಬ್ಬ ಹುಡುಗಿ ಟೊಮೆಟೊ ಎಂದುಕೊಂಡು ಚಮಚದಲ್ಲೆತ್ತಿ ಬಾಯಿಗೆ ಹಾಕಿಕೊಂಡಳು. ಆಮೇಲಿನ ಗದ್ದಲ ಕೇಳಬೇಡಿ. ನನ್ನ ಗೆಳತಿ ಓಡಿ ಒಳಗೆ ಬಂದು, "ಅಕ್ಕಾ, ಮೊಸರು, ಮೊಸರು! ಒಂದು ದೇಶಾನ ಸುಟ್ಟುಬಿಟ್ರಿ ನೀವು!" ಎಂದಳು. ಇಬ್ಬರೂ ಸೆರಗು ಬಾಯಿಗೊತ್ತಿಕೊಂಡು ನಕ್ಕೆವು. ಆ ನಗುವನ್ನು ನೆನೆದರೆ ಈಗಲೂ ನೋಯುತ್ತದೆ.

ಒಮ್ಮೆ ಗೋಲ್ಕೊಂಡಕ್ಕೆ ನನ್ನನ್ನೂ ಕರೆದೊಯ್ದಳು. ಊಟದ ಡಬ್ಬಿ, ನೀರಿನ ಬಾಟಲಿಗಳ ಚೀಲ ನನ್ನ ಕೈಯಲ್ಲಿತ್ತು. "ನಿಮ್ಮ ಮೊಣಕಾಲಿಗೆ ಮೆಟ್ಟಲ ಆಗಂಗಿಲ್ಲ ಅಕ್ಕಾ, ಇಲ್ಲೇ ಕುಂಡ್ರಿ, ಚೀಲ ನೋಡ್ಕೋರಿ" ಎಂದಳು. ನನ್ನ ಮೊಣಕಾಲಿನ ಚಿಂತೆ ಆಕೆಗೆ ಎಷ್ಟಿದೆ ಎಂದುಕೊಂಡು ನೆರಳಲ್ಲಿ ಕೂತೆ. ಅವರು ದೊಡ್ಡ ಬಾಗಿಲ ಕೆಳಗೆ ಚಪ್ಪಾಳೆ ತಟ್ಟಿ, ಮೇಲೆ ಕೋಟೆಯ ತುದಿಯಲ್ಲಿ ಕೇಳಿತೇ ಎಂದು ಪರೀಕ್ಷೆ ಮಾಡಿದರು. ಇಳಿದು ಬಂದ ಮೇಲೆ ಎಲ್ಲರೂ ಸೇರಿ ಫೋಟೋ ತೆಗೆಸಿಕೊಂಡರು. ಚೀಲಗಳ ಜೊತೆ ನಾನು ಈಚೆಗಿದ್ದೆ.

ಅವರಲ್ಲೊಬ್ಬಳು ಸುಡಾನ್ ದೇಶದ ಹುಡುಗಿ. ಎತ್ತರ, ಮೆಲುದನಿ, ನನ್ನ ಹಾಗೆಯೇ ತಲೆಯ ಮೇಲೆ ಬಟ್ಟೆ. ಎರಡನೆಯ ಸಲ ಬಂದಾಗ ರೊಟ್ಟಿಯ ಸಪ್ಪಳ ಕೇಳಿ ಒಳಗೇ ಬಂದುಬಿಟ್ಟಳು. ಹಿಟ್ಟು ಮುಟ್ಟಿ ನೋಡಿದಳು, ಮೂಸಿದಳು, ಕಣ್ಣಲ್ಲಿ ನೀರು ತುಂಬಿಕೊಂಡಳು. ಅವರ ದೇಶದಲ್ಲೂ ಜೋಳವೇ ಅಂತೆ. ಅವಳ ಅಜ್ಜಿ ಜೋಳದ ಹಿಟ್ಟು ಹುಳಿ ಬರಿಸಿ, ಹಂಚಿನ ಮೇಲೆ ತೆಳ್ಳಗೆ ಎಳೆಯುತ್ತಾಳಂತೆ. ಹಾಸ್ಟೆಲಿನಲ್ಲಿ ಕಲಿತ ಹಿಂದಿ ಅವಳದು, ರಾಯಚೂರಿನ ಉರ್ದು ನನ್ನದು. ಎರಡೂ ಮುರುಕು, ಆದರೆ ಸಾಕಾಯಿತು. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಆಮೇಲೆ ಪ್ರತಿ ಸಲವೂ ಅವಳು ಒಳಗೆ ಬಂದು ನನ್ನ ಪಕ್ಕ ಕೂರುತ್ತಿದ್ದಳು. ನಾನು ಬಡಿಯುವುದು, ಅವಳು ಹಂಚಿನ ಮೇಲೆ ನೀರು ಸವರುವುದು. ಸಂಕೋಚವಿಲ್ಲದೆ ನಾನು ಮಾತಾಡಿದ್ದು ಜನ್ಮದಲ್ಲಿ ನಾಲ್ಕೈದು ಮಂದಿಯ ಜೊತೆ ಇರಬಹುದು. ಅವಳು ಅವರಲ್ಲೊಬ್ಬಳು.

ಏಳು ತಿಂಗಳು ಹೀಗೆ ನಡೆಯಿತು. ಒಂದು ಭಾನುವಾರ ಅವಳು ಹಂಚಿಗೆ ನೀರು ಸವರುತ್ತ ಕೇಳಿದಳು: "ಅಮ್ಮಾ, ಮೇಡಂ ನಿಮಗೆ ರಜೆ ಕೊಡುತ್ತಾರಾ? ವಾರಕ್ಕೊಂದು ದಿನವಾದರೂ?"

ನನಗೆ ತಿಳಿಯಲಿಲ್ಲ. "ಯಾವ ಮೇಡಂ?"

ಅವಳು ಪಡಸಾಲೆಯ ಕಡೆ ತಲೆ ತಿರುಗಿಸಿದಳು. ಅಲ್ಲಿ ನನ್ನ ಗೆಳತಿ ಏನೋ ಹೇಳಿ ಎಲ್ಲರನ್ನೂ ನಗಿಸುತ್ತಿದ್ದಳು. "ಮೇಡಂ ಬಹಳ ಒಳ್ಳೆಯವರು. ನೀವು ಹಳ್ಳಿಯಿಂದ ಬಂದಾಗ ಯಾರೂ ಇರಲಿಲ್ಲವಂತೆ. ತಮ್ಮ ಮನೆಯಲ್ಲೇ ನಿಮಗೊಂದು ಕೋಣೆ ಕೊಟ್ಟರಂತೆ. ಈ ಮನೆ ಕಟ್ಟಿಸಿದ ಅವರ ಅಣ್ಣನ ಫೋಟೋ ತೋರಿಸಿ ಹೇಳಿದರು."

ಹಂಚಿನ ಮೇಲಿನ ರೊಟ್ಟಿ ಉಬ್ಬಿ, ಸುಟ್ಟು, ಹೊಗೆ ಬಂತು. ನಾನು ಬರಿಗೈಯಲ್ಲೇ ಎತ್ತಿದೆ. ಉರಿ ಗೊತ್ತಾಗಲಿಲ್ಲ.

ಆ ಗಳಿಗೆಯಲ್ಲಿ ಹೊರಗೆ ಬಂದು ಹೇಳಬೇಕಾಗಿತ್ತು ಎಂದು ನಿಮ್ಮ ಅವ್ವ ಬೈದಳು. ಹೌದು. ಆದರೆ ಹೊರಗೆ ಹದಿಮೂರು ಮಂದಿ ಉಣ್ಣುತ್ತಿದ್ದರು. ತಾಟಿನ ಮುಂದೆ ಕೂತವರ ಎದುರಿಗೆ ಮನೆಯಲ್ಲಿ ಯಾರ ಮಾನವನ್ನೂ ತೆಗೆಯಬಾರದೆಂದು ನನ್ನ ಅತ್ತೆ ಕಲಿಸಿದ್ದರು. ಆ ಹುಡುಗಿ ಉತ್ತರಕ್ಕೆ ಕಾಯುತ್ತಿದ್ದಳು. ನಾನು ತಲೆಯಾಡಿಸಿದೆ. "ಹೌದು, ಕೊಡುತ್ತಾರೆ" ಎಂದೆ.

ಮರುದಿನ ಗೆಳತಿ ಎಂದಿನಂತೆ ಡಬ್ಬಿ ವಾಪಸು ಕೊಡಲು ಬಂದಳು. ನಾನು ಫೋಟೋ ತೋರಿಸಿ ಕೇಳಿದೆ: "ತಂಗಿ, ಇವರು ಯಾರಂತ ಹೇಳಿದಿ ಹುಡುಗರಿಗೆ?"

ಆಕೆ ನಕ್ಕಳು. "ಯಾಕ್ರಿ ಅಕ್ಕಾ, ಯಾರು ಏನಂದ್ರು?"

"ನಿನ್ನ ಅಣ್ಣ ಅಂದಿಯಂತ."

"ಅಣ್ಣ ಅಂತನ ಕರೀತಿದ್ನಲ್ಲ? ಅದರಾಗ ಸುಳ್ಳೇನೈತಿ?"

"ಮನಿ ಯಾರದಂತ ಹೇಳಿದಿ?"

ನಗು ನಿಂತಿತು. ಡಬ್ಬಿಯ ಮುಚ್ಚಳವನ್ನು ತೆಗೆದು ಹಾಕಿ ಮಾಡಿದಳು. "ನೋಡ್ರಿ, ಮಂಡಳಿಯವರ ಫಾರ್ಮ್ ಇತ್ತು. ಮನೀಯಾಕಿಗೆ ಇಂಗ್ಲಿಷ್ ಬರಬೇಕಂತ ಅದರಾಗ ಬರದಿತ್ತು. ನನ್ನ ಹೆಸರು ಹಾಕಿದೆ. ಆಮ್ಯಾಲ ಹಂಗ ನಡದು ಹೋತು. ನೀವು ಹೊರಗ ಬರಂಗಿಲ್ಲ, ಮಾತಾಡಂಗಿಲ್ಲ. ಬಂದ ಮಂದೀಗೆ ಮನೀಯಾಕಿ ಅಂತ ಯಾರರೆ ಒಬ್ಬರು ಕಾಣಬೇಕಲ್ರಿ? ಇದರಾಗ ನಿಮಗ ಕಮ್ಮಿ ಆಗಿದ್ದೇನು?"

"ನನಗ ಕೋಣಿ ಕೊಟ್ಟೀನಿ ಅಂದಿ."

"ಆ ಹುಡುಗಿ ಏನೋ ತಪ್ಪು ತಿಳಕೊಂಡಾಳ, ಬಿಡ್ರಿ."

ಹದಿಮೂರು ದಿನ ನನ್ನ ಜೊತೆ ಉಪವಾಸ ಕೂತಿದ್ದ ಮುಖವೇ ಅದು. ನಾನು ಆ ಮುಖವನ್ನೇ ನೋಡುತ್ತಿದ್ದೆ. ಆಕೆ ಹೋದ ಮೇಲೆ ಒಂದೊಂದಾಗಿ ಹೊಳೆಯತೊಡಗಿತು: ಗೋಲ್ಕೊಂಡದ ಚೀಲಗಳು, ನಾನಿಲ್ಲದ ಫೋಟೋ, ಹೊರಡುವಾಗ ಎಲ್ಲರೂ ಆಕೆಗೆ ಕೈ ಮುಗಿದು ನನಗೆ ಬರೀ ಕೈ ಬೀಸುತ್ತಿದ್ದದ್ದು. ಬಾಗಿಲ ಮರೆಯಲ್ಲಿ ನಿಂತು ಮನೆಯೊಡತಿಯಾಗಿದ್ದೇನೆ ಎಂದು ನಾನು ಸುಖಪಟ್ಟ ಏಳು ತಿಂಗಳೂ ಆಕೆಗೆ ನನ್ನ ಆ ಮರೆಯೇ ಅನುಕೂಲವಾಗಿತ್ತು.

ಮುಂದಿನ ಎರಡನೇ ಭಾನುವಾರ ಮನೆಗೆ ಬೀಗ ಹಾಕಿ ನಿಮ್ಮಲ್ಲಿಗೆ ಬಂದೆ. ರೊಟ್ಟಿಯ ಗಂಟು ತಂದಿದ್ದೆನಲ್ಲ, ನೀವು ಕುಣಿದಿರಲ್ಲ, ಅದೇ ದಿನ. ಬಸ್ಸು ಬೇರೆ ಯಾರದೋ ಮನೆಗೆ ಹೋಯಿತಂತೆ.

ನನಗೆ ಒಂದೇ ಆಸೆ ಉಳಿದಿತ್ತು. ಉಳಿದ ಹದಿಮೂರು ಮಂದಿ ಏನು ಬೇಕಾದರೂ ತಿಳಿದುಕೊಳ್ಳಲಿ, ಆ ಸುಡಾನಿನ ಹುಡುಗಿಗೆ ಮಾತ್ರ ಇದು ಯಾರ ಮನೆಯೆಂದು ಗೊತ್ತಾಗಬೇಕು. ಅವಳು ಎಲ್ಲಿರುತ್ತಾಳೆಂದು ಸಹ ನನಗೆ ಗೊತ್ತಿರಲಿಲ್ಲ. ಕೇಳಬೇಕಾದದ್ದು ಗೆಳತಿಯನ್ನೇ, ಅದು ನನ್ನಿಂದ ಆಗಲಿಲ್ಲ.

ಅವಳೇ ಬಂದಳು. ಒಂದು ಮಧ್ಯಾಹ್ನ, ಒಬ್ಬಳೇ, ಲೋಕಲ್ ರೈಲು ಹಿಡಿದು. ಓದು ಮುಗಿದಿತ್ತು, ಊರಿಗೆ ಹೊರಟಿದ್ದಳು. ಕೈಯಲ್ಲಿ ಎರಡು ಪೊಟ್ಟಣ. ದೊಡ್ಡದರ ಮೇಲೆ ನನ್ನ ಗೆಳತಿಯ ಹೆಸರು ಇಂಗ್ಲಿಷಿನಲ್ಲಿತ್ತು. ಬಸ್ಸಿನ ಬೋರ್ಡು ಓದುವಷ್ಟು ಅಕ್ಷರ ನನಗೆ ಬರುತ್ತದೆ.

"ಇದು ಮೇಡಂಗೆ. ಈ ಚಿಕ್ಕದು ನಿಮಗೆ, ಅವರಿಗೆ ಹೇಳಬೇಡಿ" ಎಂದು ನಕ್ಕಳು.

ನಾನು ಅವಳ ಕೈ ಹಿಡಿದು ಫೋಟೋದ ಕೆಳಗೆ ಕೂರಿಸಿದೆ. ಸೆರಗು ತಲೆಯಿಂದ ಜಾರಿತು, ಎತ್ತಿಕೊಳ್ಳಲಿಲ್ಲ. "ಇವರು ನನ್ನ ಗಂಡ. ನೀನು ಕೂತ ಕಲ್ಲು ಇವರು ಹಾಸಿದ್ದು. ಇದು ನನ್ನ ಮನೆ. ಮೇಡಂ ಎದುರಿನ ಬಿಲ್ಡಿಂಗಿನಲ್ಲಿರುತ್ತಾರೆ."

ಅವಳು ಫೋಟೋ ನೋಡಿದಳು, ಕಲ್ಲು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ.

"ನಾನು ನಿಮ್ಮನ್ನೇ ಕೇಳಿದೆನಲ್ಲ ಅಮ್ಮಾ" ಎಂದಳು. "ಒಲೆಯ ಮುಂದೆ. ನೀವು ಹೌದೆಂದಿರಿ."

"ಊಟಕ್ಕೆ ಕೂತಿದ್ದರು ಎಲ್ಲರೂ..."

"ನಾನು ಊಟಕ್ಕೆ ಕೂತಿರಲಿಲ್ಲ. ನಿಮ್ಮ ಪಕ್ಕ ಕೂತಿದ್ದೆ." ಅವಳ ದನಿ ಇನ್ನೂ ಸಣ್ಣದಾಯಿತು. "ಪ್ರತಿ ವಾರ ನನ್ನ ಅಮ್ಮನಿಗೆ ಫೋನಿನಲ್ಲಿ ನಿಮ್ಮ ಬಗ್ಗೆ ಹೇಳುತ್ತಿದ್ದೆ. ಯಾರ ಬಗ್ಗೆ ಹೇಳಿದೆನೋ ಈಗ ಗೊತ್ತಾಗುತ್ತಿಲ್ಲ."

ಚಹಾ ಕೊಟ್ಟೆ, ಕುಡಿದಳು. ಹೊರಡುವಾಗ ಯಾವಾಗಲೂ ಅಪ್ಪಿಕೊಳ್ಳುತ್ತಿದ್ದವಳು ಅಂದು ತಲೆ ಬಾಗಿಸಿ ಹೋದಳು. ಎರಡೂ ಪೊಟ್ಟಣ ಕಲ್ಲಿನ ಮೇಲೆಯೇ ಉಳಿದವು.

ಚಿಕ್ಕದನ್ನು ಬಿಚ್ಚಿದೆ. ಅಡುಗೆ ಮಾಡುವಾಗ ಸೀರೆಯ ಮೇಲೆ ಕಟ್ಟಿಕೊಳ್ಳುವ ಬಟ್ಟೆ, ಅಂಚಿಗೆ ಕೈಯಿಂದಲೇ ಹಾಕಿದ ಹೊಲಿಗೆ. ದೊಡ್ಡದನ್ನು ಹಿಡಿದು ಮೂರು ಮಹಡಿ ಹತ್ತಿದೆ, ಮೊಣಕಾಲು ಹಿಡಿದುಕೊಂಡು.

"ಮನೀ ಒಡತಿಗೆ ಅಂತ ಆ ಹುಡುಗಿ ತಂದಿದ್ಲು" ಎಂದೆ. "ಮನಿ ಯಾರದು ಅಂತ ಹೇಳೀನಿ ಆಕೀಗೆ. ಇದು ಯಾರಿಗೆ ಸೇರತೈತಿ, ನೀನ ಹೇಳು."

ಬೇಡ ಅನ್ನುತ್ತಾಳೆ ಎಂದು ಕಾದೆ. ತಪ್ಪಾತು ಅಕ್ಕಾ ಎಂಬ ಒಂದು ಮಾತಿಗೆ ನಾನು ಎಲ್ಲವನ್ನೂ ಬಿಟ್ಟುಬಿಡುತ್ತಿದ್ದೆ. ಆಕೆ ಪೊಟ್ಟಣದ ಮೇಲಿನ ಹೆಸರು ಓದಿದಳು. ಕೈ ಚಾಚಿ ತೆಗೆದುಕೊಂಡಳು. ಮೂಲೆ ಹರಿದು ಒಳಗಿನ ತೆಳು ಬಟ್ಟೆಯನ್ನು ಬೆರಳಿನಿಂದ ಸವರಿ, "ಭಾಳ ಚಲೋ ಐತಿ. ಪಾಪ, ಚಲೋ ಹುಡುಗಿ" ಎಂದಳು.

ಅದಕ್ಕೇ ಚಾಕಲೇಟ್ ಅಜ್ಜಿ ಬರುವುದಿಲ್ಲ. ಬರಬೇಡ ಎಂದು ನಾನು ಹೇಳಿಲ್ಲ. ಅಡುಗೆಗೆ ಕಟ್ಟಿಕೊಳ್ಳುವ ಆ ಬಟ್ಟೆ ಗೂಟಕ್ಕೆ ತೂಗುತ್ತಿದೆ. ನೀವು ಅದನ್ನು ಕೈ ಒರೆಸಲು ಎಳೆದಾಗ ನಾನು ಬೈದದ್ದು ಇದಕ್ಕೇ. ನೀವು ದೊಡ್ಡವರಾಗಿ ಗೆಳೆಯರನ್ನು ಕರೆತಂದಾಗ ನಾನು ಹಳೆಯ ಅಭ್ಯಾಸಕ್ಕೆ ಒಳಗೆ ಸರಿದುಬಿಡಬಹುದು. ಆಗ ನನ್ನನ್ನು ಹೊರಗೆ ಕರೆಯಿರಿ. ರೊಟ್ಟಿ ಆರಿದರೆ ಆರಲಿ. ಇವಳು ಯಾರು, ಇದು ಯಾರ ಮನೆ ಎಂದು ಮೊದಲು ಅವರಿಗೆ ಹೇಳಿ.