ರಾಜೂರಿನಲ್ಲಿ ಬೇಡವೆಂದ ಚಹಾ

ನನ್ನ ಮೂತ್ರಚೀಲಕ್ಕೆ ತಾಳ್ಮೆ ಎಂಬುದೇ ಇಲ್ಲ. ಬಂತೆಂದರೆ ಬಂತು, ಆಗಲೇ ಓಡಬೇಕು. ಗಜೇಂದ್ರಗಡದ ಡಾಕ್ಟರು ದಿನಕ್ಕೊಂದು ಗುಳಿಗೆ ಬರೆದುಕೊಟ್ಟು, "ಅಕ್ಕಾರ, ಇನ್ನ ಚಹಾ ಬಿಡಬೇಕ್ರಿ. ಗುಳಿಗಿ ಕಟ್ಟತೈತಿ, ಚಹಾ ಬಿಚ್ಚತೈತಿ" ಎಂದಿದ್ದರು. ಆ ಗುಳಿಗೆಯೋ ಬಾಯಿ ಒಣಗಿಸುತ್ತದೆ, ಒಣಗಿದ ಬಾಯಿ ಚಹಾವನ್ನೇ ಬೇಡುತ್ತದೆ. ಮನೆಯಲ್ಲಾದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಬೇರೆಯವರ ಮನೆಯಲ್ಲಿ ಏನು ಮಾಡುವುದು? ನಮ್ಮ ಕಡೆ ಚಹಾ ಬೇಡ ಅಂದರೆ ನೀವೇ ಬೇಡ ಅಂದಂತೆ.

ಕಳೆದ ಚಳಿಗಾಲದಲ್ಲಿ ತಮ್ಮನ ಮಗನಿಗೆ ಹೆಣ್ಣು ನೋಡಲು ರೋಣದಿಂದ ರಾಜೂರಿಗೆ ಹೋದೆವು. ಹಿರಿಯಳೆಂದು ನನ್ನನ್ನೇ ಮುಂದೆ ಕೂರಿಸಿದರು. ಹುಡುಗಿ ಮೊದಲ ಕಪ್ಪನ್ನು ನನಗೇ ತಂದಳು. ಘಮಘಮಿಸುವ ಶುಂಠಿ ಚಹಾ. ತಿರುಗಿ ಹೋಗುವ ಬಸ್ಸಿನ ದಾರಿ ನೆನಪಾಯಿತು.

"ನನಗ ಬ್ಯಾಡವಾ" ಎಂದೆ. ಅವಳು ಕಪ್ಪು ಹಿಡಿದು ನಿಂತೇ ಇದ್ದಳು.

"ಒಂದ ಗುಟುಕರ ತಗೋರಿ" ಎಂದರು ಅವಳ ತಾಯಿ.

ಹಿತ್ತಲ ಬಾಗಿಲು ಎಲ್ಲಿದೆಯೆಂದು ಕಣ್ಣಿನಲ್ಲೇ ಹುಡುಕುತ್ತ ಮತ್ತೆ ತಲೆಯಾಡಿಸಿದೆ. ಡಾಕ್ಟರು ಬೇಡವೆಂದಿದ್ದಾರೆ ಅಂದಿದ್ದರೆ ಸಾಕಿತ್ತು. ಆದರೆ ಯಾವ ರೋಗವೆಂದು ಕೇಳಿದರೆ, ಅಷ್ಟು ಗಂಡಸರ ಎದುರು ಏನು ಹೇಳಲಿ? ಕಪ್ಪು ಹಾಗೇ ಒಳಗೆ ಹೋಯಿತು.

ಹುಡುಗನಿಗೆ ಅವಳು ಮನಸ್ಸಿಗೆ ಬಂದಿದ್ದಳು. ನಾವು ಒಪ್ಪಿಗೆ ಹೇಳಿ ಕಳಿಸಿದರೆ, ಅವರ ಕಡೆಯಿಂದ ಬೇಡವೆಂದು ಉತ್ತರ ಬಂತು. ಅವನು ನನ್ನೆದುರು ಕೂತು, "ಅತ್ತಿ, ಅವತ್ತ ಯಾಕ ಚಹಾ ಕುಡೀಲಿಲ್ಲ ನೀ?" ಎಂದು ಮೆತ್ತಗೆ ಕೇಳಿದ. ಬೈದಿದ್ದರೆ ಚಲೋ ಇತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದ ಮಾತಿಗೂ ಒಂದು ಮನೆ ಮುರಿಯುವ ಶಕ್ತಿಯಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾಚಿಕೆಗಿಷ್ಟು ಬೆಂಕಿ ಹಾಕಿ, ಹುಡುಗಿಯ ತಾಯಿಗೆ ಫೋನು ಮಾಡಿ ಗುಳಿಗೆಯ ವಿಷಯವೆಲ್ಲ ಹೇಳಿದೆ.

ಆಕೆ, "ಇದಿಷ್ಟ ಸಂಗತಿ ಇದ್ರ ಅವತ್ತ ಹೇಳಬಾರದಿತ್ತೇನ್ರಿ?" ಎಂದರು. "ಆಕಿ ಕೈ ಮ್ಯಾಲೆ ಎಣ್ಣಿ ಸಿಡಿದು ಸುಟ್ಟ ಗಾಯದ ಕಲೆ ಐತ್ರಿ. ಅದನ್ನ ನೋಡಿ ನೀವು ಹೇಸಿದ್ರಿ ಅಂತ ತಿಳಕೊಂಡಾಳ. ಈಗ ಯಾರ ಬಂದರೂ ಚಹಾ ತಾನು ಒಯ್ಯಂಗಿಲ್ಲ. ಕೈ ಓಢಣಿಯಾಗ ಮುಚ್ಚಿಕೊಂಡ ಅಡ್ಡಾಡತಾಳ."

ಅವಳ ಕೈಯನ್ನು ನಾನು ನೋಡಿಯೇ ಇರಲಿಲ್ಲ. ಅದನ್ನು ಅವಳಿಗೇ ಹೇಳಬೇಕೆಂದು, "ಫೋನ್ ಆಕಿಗೆ ಕೊಡ್ರಿ" ಎಂದೆ. ಅವಳು ತೆಗೆದುಕೊಳ್ಳಲಿಲ್ಲ.